ಕುದುರೆಯ ಹಿಂಗಾಲು

ನನ್ನ ಗಂಡ ಕುದುರೆಯ ಹಿಂಗಾಲು. ಇದನ್ನು ಯಾರ ಮುಂದೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಳ್ಳುತ್ತಾರೆ. ನಗಲಿ ಬಿಡಿ, ನನಗೂ ರೂಢಿಯಾಗಿದೆ.

ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ನಮ್ಮ ಬಯಲು ರಂಗಮಂದಿರವಿದೆ. ಕಲ್ಲು ತೆಗೆದು ತೆಗೆದು ಉಳಿದ ಮೆಟ್ಟಿಲುಗಳ ಮೇಲೆ ಜನ ಕೂರುತ್ತಾರೆ, ತಳದಲ್ಲಿ ನಾಟಕ ನಡೆಯುತ್ತದೆ. ಶಾಲೆಗೆ ರಜೆ ಬಂದಾಗ, ಮನೆಮಂದಿಯೆಲ್ಲ ಬಂದು ನೋಡುವಂಥ ಹಾಡು ಕುಣಿತದ ಒಂದು ರಾಜಕುಮಾರಿ ಕಥೆ ಆಡುತ್ತೇವೆ. ಕಥೆ ಯಾವುದೇ ಇರಲಿ, ಅದರಲ್ಲಿ ಕುದುರೆ ಇರಲೇಬೇಕು, ಯಾಕೆಂದರೆ ನಮ್ಮ ಹತ್ತಿರ ಕುದುರೆ ಇದೆ. ಒಂದು ವರ್ಷ ಮೀನುಗಳ ಕಥೆ ಆಡಿದಾಗಲೂ ಸಮುದ್ರದ ತಳದಲ್ಲಿ ಕುದುರೆ ಓಡಾಡಿತು. ಯಾರೂ ತಕರಾರು ಮಾಡಲಿಲ್ಲ.

ಆ ಕುದುರೆಯನ್ನು ಹೊಲಿದವಳು ನಾನೇ. ಮನೆಯಲ್ಲಿ ರವಿಕೆ, ಶಾಲೆಯ ಸಮವಸ್ತ್ರ ಹೊಲಿಯುತ್ತೇನೆ. ನಾಟಕದ ಬಟ್ಟೆಯೂ ನನ್ನ ಮೇಲೇ ಬಿದ್ದಿದೆ. ಬೆತ್ತದ ಚೌಕಟ್ಟಿನ ತಲೆ, ಕಂದು ಕಂಬಳಿಯ ಮೈ, ಸೆಣಬಿನ ಬಾಲ. ಒಳಗೆ ಇಬ್ಬರು. ಮುಂದಿನವನು ನೆಟ್ಟಗೆ ನಿಂತು ತಲೆ ಹೊರುತ್ತಾನೆ. ಹಿಂದಿನವನು ಸೊಂಟ ಬಗ್ಗಿಸಿ, ಮುಂದಿನವನ ಬೆಲ್ಟು ಹಿಡಿದು, ಕತ್ತಲಲ್ಲಿ ನಡೆಯುತ್ತಾನೆ. ಮುಂದೆ ನನ್ನ ಅಣ್ಣ. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದು ಅವನ ಕೆಲಸ. ಮನೆಯಲ್ಲಿ ಉಪ್ಪು ಕೇಳಿದರೂ ಬಸ್ಸು ಹೊರಟ ಹಾಗೇ ಕೇಳಿಸುತ್ತದೆ. ಹಿಂದೆ ನನ್ನ ಗಂಡ. ಅವರು ನೀರಿನ ಇಲಾಖೆಯಲ್ಲಿ ವಾಲ್ವ್‌ಮ್ಯಾನ್. ಬೀದಿ ಬೀದಿಯ ಗುಂಡಿಗೆ ಬಗ್ಗಿ ವಾಲ್ವ್ ತಿರುಗಿಸುತ್ತಾರೆ. ನೀರು ಬಂದರೆ ಅವರ ನೆನಪು ಯಾರಿಗೂ ಇಲ್ಲ, ಬಾರದಿದ್ದರೆ ಬೈಯುವುದಕ್ಕೆ ಮಾತ್ರ ನಮ್ಮ ಬಾಗಿಲು ಬಡಿಯುತ್ತಾರೆ.

ಕುದುರೆಯೊಳಗೆ ಮಾತಾಡುವಂತಿಲ್ಲ. ಅದಕ್ಕೇ ಅಣ್ಣ ಒಂದು ಉಪಾಯ ಮಾಡಿದ್ದ. ಮುಂದಿನವನು "ಹೂಂ" ಅಂದರೆ ನಡೆಯಬೇಕು, "ಊಹೂಂ" ಅಂದರೆ ನಿಲ್ಲಬೇಕು. ಹಿಂದಿನವನು ಏನೂ ಅನ್ನಬೇಕಾಗಿಲ್ಲ. ನನ್ನ ಗಂಡನಿಗೆ ಇದಕ್ಕಿಂತ ಒಗ್ಗುವ ಪಾತ್ರ ಇನ್ನೊಂದಿಲ್ಲ ನೋಡಿ. ಮನೆಯಲ್ಲೂ ಅವರದು ಬರೀ ಹೂಂ. ಊಟ ಹೇಗಿದೆ? ಹೂಂ. ಪಕ್ಕದವರು ಏಣಿ ಕೇಳುತ್ತಿದ್ದಾರೆ, ಕೊಡಲಾ? ಹೂಂ. ಆ ಏಣಿ ತಿರುಗಿ ಬರಲೇ ಇಲ್ಲವಲ್ಲರೀ? ಅದಕ್ಕೂ ಹೂಂ. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಒಂದೇ ಒಂದು "ಊಹೂಂ" ನಾನು ಕೇಳಿರಲಿಲ್ಲ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ನನ್ನ ಹೊಟ್ಟೆ ಉರಿಯುತ್ತಿದ್ದುದು ನಾಟಕ ಮುಗಿದ ಮೇಲಿನ ಆ ಗಳಿಗೆಗೆ. ಎಲ್ಲರೂ ಸಾಲಾಗಿ ನಿಂತು ಕೈಮುಗಿಯುತ್ತಾರೆ. ಅಣ್ಣ ಕುದುರೆಯ ತಲೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಬೆವರಿದ ಮುಖದಲ್ಲಿ ಹಲ್ಲು ಕಿರಿಯುತ್ತಾನೆ. ಮಕ್ಕಳು ಎದ್ದು ನಿಂತು ಕಿರಚುತ್ತವೆ, ಗಣಿಯ ಗೋಡೆಗಳೆಲ್ಲ ಚಪ್ಪಾಳೆ ತಟ್ಟಿದ ಹಾಗಾಗುತ್ತದೆ. ಅವನ ಬೆನ್ನ ಹಿಂದೆ ಕಂಬಳಿಯೊಳಗೆ ನನ್ನ ಗಂಡ ಬಗ್ಗಿಯೇ ಇರುತ್ತಾರೆ. ನಾನು ಪಕ್ಕದ ಪರದೆಯ ಹತ್ತಿರ, ಹರಿದದ್ದು ಬಿಚ್ಚಿದ್ದು ಹೊಲಿಯಲು ಸೂಜಿದಾರ ಹಿಡಿದು ನಿಂತಿರುತ್ತೇನೆ. ಅಲ್ಲಿಂದ ನನಗೆ ಕಾಣುವುದು ಅವರ ಸವೆದ ಚಪ್ಪಲಿ ಮಾತ್ರ.

ಒಂದು ವರ್ಷ ನನ್ನ ಅತ್ತೆ ನಾಟಕಕ್ಕೆ ಬಂದಿದ್ದರು. ಆಗಲೇ ಕಣ್ಣು ಮಂಜಾಗಿತ್ತು. ಅಣ್ಣ ತಲೆ ತೆಗೆದು ನಕ್ಕಾಗ, ಪಾಪ, ಮಗನೇ ಎಂದುಕೊಂಡು ಅವನಿಗೇ ಕೈಬೀಸಿದರು. ಮನೆಗೆ ಬಂದು "ಎಷ್ಟು ಚೆನ್ನಾಗಿ ನಗ್ತಿದ್ದ ಕಣಮ್ಮ, ಮನೇಲಿ ಯಾಕೆ ಹಾಗೆ ನಗಲ್ಲ?" ಎಂದರು. ನಾನು ಬಾಯಿಬಿಡುವಷ್ಟರಲ್ಲಿ ನನ್ನ ಗಂಡ ಕಣ್ಣಲ್ಲೇ ಬೇಡ ಎಂದರು. ಅತ್ತೆ ಹಾಗೆ ನಂಬಿಕೊಂಡೇ ತೀರಿಹೋದರು. ಆವತ್ತಿನಿಂದ ನನಗೆ ಒಂದೇ ಹಟ: ಒಂದು ಸಲವಾದರೂ ಆ ಸಾಲಿನಲ್ಲಿ ನಿಂತ ನನ್ನ ಗಂಡನ ಮುಖ ಜನಕ್ಕೆ ಕಾಣಬೇಕು, ನಾನು ಅದನ್ನು ನೋಡಬೇಕು.

ಮುಂದಿನ ವರ್ಷ ಯಾರನ್ನೂ ಕೇಳದೆ ಕುದುರೆಯ ಹಿಂಭಾಗಕ್ಕೆ, ಬಾಲದ ಪಕ್ಕದಲ್ಲಿ, ಒಂದು ಜಿಪ್ ಇಟ್ಟೆ. ಚಪ್ಪಾಳೆಯ ಹೊತ್ತಿಗೆ ಅದನ್ನು ತೆಗೆದು ಅವರೂ ಹೊರಗೆ ಬರಲಿ ಅಂತ. ತಾಲೀಮಿನಲ್ಲಿ ಅದನ್ನು ನೋಡಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಮ್ಮ ಇದು, ಕುದುರೆ ಹಿಂದ್ಗಡೆಯಿಂದ ಭಾವ ಹುಟ್ಟಿ ಬರೋದಾ? ಮಕ್ಕಳು ನೋಡೋ ನಾಟಕ ಇದು, ಮೊದ್ಲು ಹೊಲಿದು ಮುಚ್ಚು!" ಎಲ್ಲರೂ ನಕ್ಕರು. ನನ್ನ ಗಂಡನ ಮುಖ ನೋಡಿದೆ, ಒಂದು ಮಾತಾದರೂ ಆಡಲಿ ಎಂದು. "ಹೂಂ, ಮುಚ್ಚಿಬಿಡು" ಎಂದರು. ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿನಲ್ಲಿ ಎರಡೆಳೆ ದಾರ ಹಾಕಿ, ಇನ್ನು ಯಾರಪ್ಪ ಬಂದರೂ ಬಿಚ್ಚಬಾರದು ಎನ್ನುವ ಹಾಗೆ ಹೊಲಿದುಬಿಟ್ಟೆ.

ಈ ವರ್ಷದ ಕಥೆ ನೆರಳು ಕಳೆದುಕೊಂಡ ರಾಜಕುಮಾರಿಯದು. ಅವಳು ಕುದುರೆಯ ಜೊತೆ ನೆರಳನ್ನು ಹುಡುಕಿಕೊಂಡು ಹಾಡುತ್ತಾ ಹೋಗುತ್ತಾಳೆ. ತಾಲೀಮು ಶುರುವಾಗುವ ಹೊತ್ತಿಗೆ ಅಣ್ಣನ ಕತ್ತು ಹಿಡಿದುಕೊಂಡಿತು. ತಲೆಯ ಮೇಲೆ ಭಾರ ಹೊರಕೂಡದು ಎಂದರು ಡಾಕ್ಟರು. ಪಾಪ ಎನ್ನಬೇಕಿತ್ತು, ನಿಜ ಹೇಳುತ್ತೇನೆ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ನಾಟಕ ಮಾಡಿಸುವ ಹುಡುಗಿಯನ್ನು ಎಲ್ಲರೂ ಡೈರೆಕ್ಟರಮ್ಮ ಅನ್ನುತ್ತಾರೆ. ವಯಸ್ಸು ಚಿಕ್ಕದು, ತಾಳ್ಮೆ ಅದಕ್ಕಿಂತ ಚಿಕ್ಕದು. ಅವಳು "ಹಾಗಾದ್ರೆ ಈ ಸಲ ಕುದುರೇನೇ ಬೇಡ" ಎಂದಳು.

"ಬೇಡ ಅಂದ್ರೆ? ನಮ್ಮ ಮನೆಯವರು ಇಲ್ವಾ?" ಎಂದೆ. "ಅವರು ಮುಂದೆ ಬರ್ತಾರೆ."

"ಹಿಂದೆ ಯಾರು ಬರ್ತಾರೆ?"

ಆಗ ನೋಡಬೇಕಿತ್ತು. ಮಂತ್ರಿಗೆ ಇದ್ದಕ್ಕಿದ್ದ ಹಾಗೆ ಬೆನ್ನುನೋವು ನೆನಪಾಯಿತು. ರಾಕ್ಷಸನ ಪಾತ್ರದವನು ಕತ್ತಲೆ ಅಂದರೆ ತನಗೆ ಭಯ ಎಂದ. ನಾನು ಅಣ್ಣನ ಕಡೆ ತಿರುಗಿದೆ. "ನೀನೇ ಹೋಗಣ್ಣ, ಹಿಂದೆ ತಲೆ ಮೇಲೆ ಏನೂ ಭಾರ ಇರಲ್ಲ."

"ನಾನಾ? ಬಾಲಕ್ಕಾ?" ಎಂದ ಅಣ್ಣ. ಗಣಿಯ ಆ ಕಡೆಯಿಂದ "ಬಾಲಕ್ಕಾ, ಬಾಲಕ್ಕಾ" ಎಂದು ಮಾರುದನಿ ಬಂತು.

ನನ್ನ ಗಂಡ ಚಪ್ಪಲಿ ನೋಡಿಕೊಂಡು ನಿಂತಿದ್ದರು. ಎಲ್ಲಿ ಬಾಯಿಬಿಟ್ಟು ಬೇಡ ಬಿಡಿ ಎಂದುಬಿಡುತ್ತಾರೋ ಎಂದು ಹೆದರಿ, ನಾನೇ ಕೂಗಿದೆ: "ಯಾರೂ ಬೇಡ. ಹಿಂದೆ ನಾನು ಹೋಗ್ತೀನಿ."

ಹೀಗೆ ಗಂಡ ಹೆಂಡತಿ ಇಬ್ಬರೂ ಒಂದೇ ಕುದುರೆಯೊಳಗೆ ಸೇರಿಕೊಂಡೆವು. ಮನೆಯಲ್ಲಿ ಅಡುಗೆಮನೆಯಿಂದ ಬಚ್ಚಲವರೆಗೆ ತಾಲೀಮು. ಬೆಲ್ಟು ಹಿಡಿದು ನಾನು ಬಗ್ಗುವುದು, ಅವರು ಹೂಂ ಎನ್ನುವುದು, ನಾನು ನಡೆಯುವುದು. ಏಣಿ ವಾಪಸು ಕೊಡಲು, ಕೊನೆಗೂ, ಬಂದ ಪಕ್ಕದವರು ನಮ್ಮನ್ನು ಕಂಡು ಏಣಿ ಸಮೇತ ಹಿಂದೆ ಹೋದರು. ಕಂಬಳಿ ಹೊದ್ದ ಮೇಲಂತೂ ಅಯ್ಯಪ್ಪಾ, ಆ ಸೆಕೆ, ಆ ಗೋಂದಿನ ವಾಸನೆ, ಆ ಸೊಂಟ! ಹಿಂಗಾಲಿನ ಜಾಗ ಹೀಗಿರುತ್ತದೆ ಎಂದು ಇವರು ಒಂದು ದಿನವೂ ಹೇಳಿರಲಿಲ್ಲ. "ಹೇಳಬಾರದಿತ್ತೇನ್ರೀ? ಒಳಗೆ ತೆಳು ಬಟ್ಟೆ ಹಾಕಿ ಹೊಲಿತಿದ್ದೆ" ಎಂದು ಒಳಗಿಂದಲೇ ಬೈದೆ. "ಹೂಂ" ಎಂದರು. ನಾನು ನಡೆದುಬಿಟ್ಟೆ. ಇಬ್ಬರೂ ಹೋಗಿ ಕಪಾಟಿಗೆ ಗುದ್ದಿಕೊಂಡೆವು.

ಮೊದಲ ಆಟದ ದಿನ ಸಂಜೆಯ ಬಿಸಿಲು ಗಣಿಯ ತುಂಬ ಇತ್ತು. ಮೆಟ್ಟಿಲುಗಳು ತುಂಬಿದ್ದವು. ಮೊದಲ ಸಾಲಿನಲ್ಲಿ ಅಣ್ಣ ಕೈಕಟ್ಟಿಕೊಂಡು, ಎಲ್ಲಿ ತಪ್ಪುತ್ತಾರೋ ಎಂದು ಕಾದು ಕುಳಿತಿದ್ದ. ನಾವು ತಪ್ಪಲಿಲ್ಲ. ಹೂಂ ಅಂದಲ್ಲಿ ನಡೆದೆವು, ಊಹೂಂ ಅಂದಲ್ಲಿ ನಿಂತೆವು. ರಾಜಕುಮಾರಿ ಬೆನ್ನ ಮೇಲೆ ಕೈಯಿಟ್ಟು ಹಾಡಿದಳು, ಕಡೆಗೆ ಅವಳಿಗೆ ನೆರಳು ಸಿಕ್ಕಿತು. ನನ್ನ ಸೊಂಟ ಬಿದ್ದೇಹೋಗಿತ್ತು, ಆದರೂ ಹಲ್ಲು ಕಚ್ಚಿಕೊಂಡೆ. ಇನ್ನೇನು ಆ ಗಳಿಗೆ ಬರುತ್ತದಲ್ಲ!

ಬಂತು. ಎಲ್ಲರೂ ಸಾಲಾಗಿ ನಿಂತರು. ಬೆಲ್ಟು ಒಮ್ಮೆ ಅಲುಗಿತು. ಇವರು ತಲೆ ತೆಗೆಯುತ್ತಿದ್ದಾರೆ ಎಂದು ಗೊತ್ತಾಯಿತು. ಮಕ್ಕಳ ಕಿರುಚಾಟ, ಚಪ್ಪಾಳೆ. ಡೈರೆಕ್ಟರಮ್ಮ ಮೈಕಿನಲ್ಲಿ "ಇಷ್ಟು ವರ್ಷ ನಿಮಗೆ ಮುಖಾನೇ ತೋರಿಸದೆ ಕುದುರೇನ ನಡೆಸಿದವರು ಇವರೇ!" ಎಂದಳು. ಚಪ್ಪಾಳೆ ಇನ್ನೂ ಜೋರಾಯಿತು. ನನ್ನ ಕಣ್ಣ ಮುಂದೆ ಮಾತ್ರ ಕಂದು ಕಂಬಳಿ!

ಇದು ನನಗೆ ಮೊದಲೇ ಹೊಳೆಯಬೇಡವೇ? ಇಷ್ಟು ದಿನ ತಾಲೀಮು ಮಾಡಿದೆ, ಜಗಳ ಮಾಡಿದೆ, ಅವರ ಅಂಗಿಗೆ ಇಸ್ತ್ರಿ ಮಾಡಿದೆ, ಹಿಂದೆ ನಿಂತರೆ ನಾನು ನೋಡುವುದು ಹೇಗೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಆಗ ಜಿಪ್ ನೆನಪಾಯಿತು. ಒಂದು ಕೈಯಲ್ಲಿ ಬೆಲ್ಟು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬೆನ್ನ ಹಿಂದೆ ತಡಕಿದೆ. ಸಿಕ್ಕಿತು. ಎಳೆದೆ, ಬರಲಿಲ್ಲ. ಉಗುರು ಹಾಕಿ ಕಿತ್ತೆ. ಎರಡೆಳೆ ದಾರ, ನನ್ನದೇ ಹೊಲಿಗೆ. ಒಂದು ಎಳೆಯೂ ಬಿಡಲಿಲ್ಲ.

ಅಷ್ಟರಲ್ಲಿ ಮುಂದಿನಿಂದ "ಹೂಂ" ಎಂದು ಕೇಳಿಸಿತು. ನನ್ನ ಕಾಲು ನನ್ನನ್ನು ಕೇಳಲಿಲ್ಲ, ನಡೆದುಬಿಟ್ಟಿತು. ತಲೆ ಕಂಕುಳಲ್ಲಿಟ್ಟುಕೊಂಡ ಕುದುರೆ, ಚಪ್ಪಾಳೆ ಇನ್ನೂ ಬೀಳುತ್ತಿದ್ದಾಗಲೇ, ಸಾಲು ಬಿಟ್ಟು ಪಕ್ಕದ ಪರದೆಯೊಳಗೆ ಹೋಯಿತು.

ಬಟ್ಟೆ ಬದಲಿಸುವ ತಗಡಿನ ಶೆಡ್ಡಿನಲ್ಲಿ ಕಂಬಳಿ ಕಿತ್ತೆಸೆದು ನಿಂತೆ. "ನಿಮಗೆ ಬುದ್ಧಿ ಇದೆಯೇನ್ರೀ? ಅವಳು ಮೈಕಲ್ಲಿ ಏನೋ ಹೇಳಿದ್ರೆ ಅದಕ್ಕೂ ಹೂಂ ಅನ್ಬೇಕಾ? ಹೂಂ ಅಂದ್ರೆ ನಾನು ನಡೀತೀನಿ ಅಂತ ಗೊತ್ತಿಲ್ವಾ? ಇಷ್ಟು ವರ್ಷಕ್ಕೆ ಬಂದ ಗಳಿಗೇನ ಕೈಯಾರೆ ಹಾಳುಮಾಡಿದ್ರಲ್ಲ!"

ಅವರು ಕುದುರೆಯ ತಲೆಯನ್ನು ಬೆಂಚಿನ ಮೇಲಿಟ್ಟು ಅದರ ಕಿವಿ ಸರಿಮಾಡುತ್ತಿದ್ದರು.

"ಅವಳಿಗೆ ಅಂದಿದ್ದಲ್ಲ," ಎಂದರು. "ನಿನಗೇ ಅಂದಿದ್ದು. ಹೋಗೋಣ ಅಂತ."

"ಯಾಕೆ?"

"ತಲೆ ತೆಗೆದೆ. ಪರದೆ ಹತ್ರ ನೋಡಿದೆ. ನೀನು ಯಾವಾಗ್ಲೂ ಅಲ್ಲೇ ನಿಂತಿರ್ತೀಯಲ್ಲ, ಸೂಜಿ ಹಿಡ್ಕೊಂಡು. ಇವತ್ತು ಇರಲಿಲ್ಲ." ಕುದುರೆಯ ಕಿವಿಯನ್ನು ಇನ್ನೊಮ್ಮೆ ಒತ್ತಿ ಕೂರಿಸಿದರು. "ಅಷ್ಟೊಂದು ಜನ ನೋಡಿದ್ರೆ ನಂಗೇನು? ಯಾರಿಗೆ ತೋರ್ಸೋದು ಅಂತ ಗೊತ್ತಾಗ್ಲಿಲ್ಲ."

ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಬೈಯಬೇಕೆಂದಿದ್ದ ಮಾತೆಲ್ಲ ಮರೆತುಹೋಯಿತು. ಸಿಟ್ಟು ಮಾತ್ರ ಹಾಗೇ ಇತ್ತು, ಯಾರ ಮೇಲೆ ಎಂದು ತಿಳಿಯದೆ ಆ ಕಂಬಳಿಗೇ ಒಂದು ಒದೆ ಕೊಟ್ಟೆ.

"ಆಯ್ತು, ನಾಳೆ ಆಟಕ್ಕೆ ಮತ್ತೆ ಹಿಂದೆ ಹೋಗ್ತೀರಾ ಹಾಗಾದ್ರೆ?"

"ಊಹೂಂ," ಎಂದರು ನನ್ನ ಗಂಡ.

ನಾನು ಹಿಂಗಾಲುಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ನೇರ ಅಣ್ಣನ ಮನೆಗೆ ನಡೆದೆ. ಇನ್ನೂ ಬೆಳಕಿತ್ತು. ದಾರಿಯಲ್ಲಿ ನಾಟಕ ನೋಡಿ ಹೋಗುತ್ತಿದ್ದ ಮಕ್ಕಳು ನನ್ನ ಕಂಕುಳಿನಿಂದ ಇಳಿಬಿದ್ದ ಬಾಲ ನೋಡಿ ಹಿಂದೆ ಹಿಂದೆ ಬಂದವು.

ಅಣ್ಣ ಬಾಗಿಲು ತೆಗೆದ. "ಏನಮ್ಮ ಅದು, ಚಪ್ಪಾಳೆ ಮಧ್ಯದಲ್ಲೇ ಕುದುರೆ ಎದ್ದು ಹೋಗೋದಾ? ನಾನಿದ್ದಿದ್ರೆ..."

"ಬಗ್ಗು," ಎಂದೆ.

"ಏನು?"

"ಬಗ್ಗಣ್ಣ, ಅಳತೆ ತಗೋಬೇಕು. ನಾಳೆ ಹಿಂಗಾಲು ನೀನು."

"ನನ್ನ ಕತ್ತು..."

"ಕತ್ತಿನ ಮೇಲೆ ಏನೂ ಇರಲ್ಲ. ನಾನು ಇದ್ದು ಬಂದಿದ್ದೀನಿ, ನಂಗೆ ಗೊತ್ತು."

"ಅಲ್ಲಮ್ಮ, ಜನ ಏನಂತಾರೆ?"

"ಏನೂ ಅನ್ನಲ್ಲ. ನೀನು ಕಾಣೋದೇ ಇಲ್ಲ." ಗಟ್ಟಿಯಾಗಿ ಹೇಳಬೇಕೆಂದಿದ್ದೆ, ದನಿ ಒಡೆದುಹೋಯಿತು. "ಒಂದೇ ಒಂದು ಸಲ ಕಣಣ್ಣ. ಅವರು ತಲೆ ತೆಗೆದಾಗ ನಾನು ಪರದೆ ಹತ್ರ ನಿಂತಿರಬೇಕು. ನಾನು ಅವರನ್ನ ನೋಡ್ಬೇಕು, ಅವರು ನನ್ನ ನೋಡ್ಬೇಕು. ಇಷ್ಟು ವರ್ಷ ನಿನ್ನ ಹಲ್ಲು ನೋಡಿದ್ದೀನಿ, ಸಾಕು."

ಅಣ್ಣ ನನ್ನ ಹಿಂದೆ ನಿಂತ ಮಕ್ಕಳನ್ನು ನೋಡಿದ, ಬಾಲ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಬಗ್ಗಿದ. ನಾನು ಸೊಂಟಕ್ಕೆ ಟೇಪು ಸುತ್ತಿದೆ. ಕಂಬಳಿ ಅಗಲ ಮಾಡಬೇಕಾಗುತ್ತದೆ, ಅಣ್ಣ ಚೆನ್ನಾಗಿಯೇ ದಪ್ಪವಾಗಿದ್ದಾನೆ.

ಕೆಳಗಿನಿಂದ ಅವನ ದನಿ ಬಂತು. ಯಾವ ಬಸ್ಸೂ ಹೊರಡದಂಥ ಸಣ್ಣ ದನಿ. "ಲೇ, ಆವತ್ತು ಹಿಂದ್ಗಡೆ ಒಂದು ಜಿಪ್ ಇಟ್ಟಿದ್ಯಲ್ಲ, ಅದು ಇನ್ನೂ ಇದೆಯಾ?"

"ಇದೆ."

"ಚಪ್ಪಾಳೆ ಹೊತ್ತಿಗೆ ಸ್ವಲ್ಪ ಹೊಲಿಗೆ ಬಿಚ್ಚಿ ಕೊಡ್ತೀಯಾ?"

"ಊಹೂಂ," ಎಂದೆ.