ಬಾಣಂತಿ ಕೋಣೆಯ ಕೆಂಡ

ಕಾಡುಗೋಡಿಯ ಬಾಡಿಗೆ ಕೋಣೆಯಲ್ಲಿ ಚನ್ನಕ್ಕ ಬಾಣಂತಿ ಸೊಸೆ ಮಹಾದೇವಿಗೂ ಕೂಸಿಗೂ ನೀರೆರೆದು, ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟಳು. ಗಾಳಿ ತಾಗದಿರಲೆಂದು ಬಾಗಿಲು ಹಾಕಿ, ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿದಳು. ಮೈ ಬೆಚ್ಚಗಿದ್ದರೆ ಸೊಂಟ ಗಟ್ಟಿಯಾಗುತ್ತದೆಂದು ಚನ್ನಕ್ಕನ ಬಾಣಂತನದಲ್ಲಿ ಅವಳ ಅತ್ತೆಯೂ ಹೀಗೇ ಮಾಡಿದ್ದಳು. ಆದರೆ ಯಾದಗಿರಿ ಕಡೆಯ ಊರಿನ ಆ ಮಣ್ಣಿನ ಮಾಳಿಗೆ ಮನೆಯಲ್ಲಿ ಹೊಗೆ ಹೋಗಲು ಬೆಳಕಿಂಡಿ ಇತ್ತು. ಇಲ್ಲಿ ತಲೆಯ ಮೇಲೆ ಬರೀ ಕಾಂಕ್ರೀಟು.

“ಅತ್ತಿ, ತಲಿ ತಿರಗಲಾಕತ್ತದ,” ಎಂದಳು ಮಹಾದೇವಿ.

“ಹಡದಾಕಿಗಿ ತಿರಗಲಾರ್ದ ನನಗ ತಿರಗತದೇನು? ಸುಮ್ನ ಮಕ್ಕೋ.”

ಸ್ವಲ್ಪ ಹೊತ್ತಿಗೆ ಚನ್ನಕ್ಕನ ತಲೆಯೂ ಸುತ್ತಿತು. ಅವಳ ತೊಡೆಯ ಮೇಲೆ ಮಲಗಿದ್ದ ಕೂಸು ಎಷ್ಟು ಅಲುಗಿಸಿದರೂ ಕಣ್ಣು ತೆರೆಯಲಿಲ್ಲ. ಅವಳು ಅದನ್ನೆತ್ತಿಕೊಂಡು, ಬಾಗಿಲು ತೆಗೆದು ಓಣಿಗೆ ಓಡಿದಳು. ಹೊರಗಿನ ಗಾಳಿಗೆ ಕೂಸು ಸಣ್ಣಗೆ ಅತ್ತಿತು. ಒಳಗೆ ಎಚ್ಚರ ತಪ್ಪಿ ಬಿದ್ದಿದ್ದ ಮಹಾದೇವಿಯನ್ನು ನೆರೆಯವರು ಹೊತ್ತು ತಂದರು. ಮೂವರನ್ನೂ ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದರು.