ಅಡ್ಡಹೆಸರಿನ ಗಿರಿಯಪ್ಪ

ಬೆಂಗೇರಿಯ ಪೋಸ್ಟ್‌ಮನ್ ಗಿರಿಯಪ್ಪ ಯಾರಿಗೆ ಕಾಗದ ಕೊಟ್ಟರೂ ಮೊದಲು ಅವರ ಅಡ್ಡಹೆಸರಿನ, ಅಂದರೆ ಮನೆತನದ ಹೆಸರಿನ, ಚರಿತ್ರೆ ಬಿಚ್ಚುತ್ತಿದ್ದ. "ಉಳ್ಳಾಗಡ್ಡಿ ಅವರೇನ್ರಿ? ನಿಮ್ಮವು ಹುಬ್ಬಳ್ಳ್ಯಾಗ ನೂರಾ ಹದಿನಾರು ಮನಿ ಅದಾವ. ನಿಮ್ಮ ಮುತ್ಯಾ ಉಳ್ಳಾಗಡ್ಡಿ ಮಾರಾಕ ಬಂದಾವ ಇಲ್ಲೇ ಉಳದಾನ," ಎನ್ನುವನು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಏಳು ತಲೆಮಾರು ಮುಗಿಸದೆ ಬಿಡುತ್ತಿರಲಿಲ್ಲ. ಅವನ ಅಡ್ಡಹೆಸರು ಹಲಗಿ, ಅಂದರೆ ತಮಟೆ. ಅದರಿಂದ ಜಾತಿ ಗೊತ್ತಾಗುತ್ತದೆ, ಬದಲಾಯಿಸಿಕೋ ಎಂದು ಆಫೀಸಿನಲ್ಲಿ ಯಾರೋ ಹೇಳಿದಾಗ, "ನಮ್ಮಜ್ಜ ಹಲಗಿ ಬಾರಿಸಲಿಲ್ಲಂದ್ರ ಊರಾಗ ಹಬ್ಬನ ಆಗ್ತಿರಲಿಲ್ರಿ," ಎಂದು ಎದೆಯ ಬಿಲ್ಲೆಯ ಮೇಲೆ ಅದನ್ನೇ ದಪ್ಪಕ್ಷರದಲ್ಲಿ ಬರೆಸಿಕೊಂಡ. 2004ರಲ್ಲಿ, ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಮಗಳು ಕರುಣಾ ಓಣಿಯ ನಲವತ್ತು ಮನೆತನಗಳ ಗಂಡಸರ ರಕ್ತವನ್ನು ವಂಶದ ಪರೀಕ್ಷೆಗೆ ಒಯ್ದಳು. ಫಲಿತಾಂಶದ ಪಟ್ಟಿ ಎಲ್ಲರಿಗೂ ಟಪಾಲಿನಲ್ಲೇ ಬಂತು. ಗಿರಿಯಪ್ಪ ತನ್ನ ಪ್ರತಿ ಓದಿದ: ಹಲಗಿ, ವಾಡೇದ, ಎರಡೂ ಮನೆತನಕ್ಕೆ ಮೂಲಪುರುಷ ಒಬ್ಬನೇ! ಮೇಲ್ಜಾತಿಯ ವಾಡೇದ ಯಜಮಾನರಾದರೋ ಇಪ್ಪತ್ತು ವರ್ಷದಿಂದ ಅವನ ಕೈ ಸೋಕದಂತೆ ಕಾಗದವನ್ನು ಕಟ್ಟೆಯ ಮೇಲೆ ಇಡಿಸುತ್ತಿದ್ದವರು. ಅಂದೂ "ಅಲ್ಲಿಡೋ" ಎಂದರು. ಗಿರಿಯಪ್ಪ ಇಡಲಿಲ್ಲ. "ಸಾವಿರಾರು ವರ್ಷದ ಹಿಂದ ನಿಮ್ಮ ಮುತ್ಯಾ, ನಮ್ಮ ಮುತ್ಯಾ ಒಬ್ಬನ ಇದ್ದನಂತ್ರಿ ಯಜಮಾನ್ರ. ಅಣ್ಣತಮ್ಮರ ಕಾಗದ ಐತಿ, ಕೈಯಾಗ ತಗೋರಿ," ಎಂದು ಚಾಚಿದ ಕೈ ಇಳಿಸದೆ ನಿಂತ. ಓಣಿಯ ಮಂದಿಯೆಲ್ಲ ನೋಡುತ್ತಿದ್ದರು. ಕೊನೆಗೆ ಯಜಮಾನರು ಕೈ ಮುಂದೆ ಮಾಡಿ ಕಾಗದ ತೆಗೆದುಕೊಂಡರು. ಗಿರಿಯಪ್ಪ ಸೈಕಲ್ ಹತ್ತಿ ಓಣಿಯುದ್ದಕ್ಕೂ ಗಂಟೆ ಬಾರಿಸುತ್ತ ಹೋದ. ಆ ದಿನ ಟಪಾಲಿಲ್ಲದ ಮನೆಯವರೂ ಹೊರಗೆ ಬಂದರು.