ಕೀಳದೆ ಬಿಟ್ಟ ಮೂಲೆ

ನೀರಿನ ಕಳೆಯನ್ನು ಕೀಟಗಳಿಂದಲೇ ಹತೋಟಿಗೆ ತರುವ ವಿದ್ಯೆಯಲ್ಲಿ ನಮ್ಮ ಮೇಡಂ ಅವರಿಗೆ ಸರಿಸಾಟಿಯಾದವರನ್ನು ನಾನು ಕಂಡಿಲ್ಲ. ಇಲಾಖೆಯವರು ಅವರಿಗೆ ‘ಹುಳದಮ್ಮ’ ಎಂದು ಹೆಸರಿಟ್ಟು ಮೂವತ್ತು ವರ್ಷ ನಕ್ಕರು. ನಿವೃತ್ತಿಯ ಹೊತ್ತಿಗೆ ಆ ನಕ್ಕವರೇ ಹೂಗುಚ್ಛ ಹಿಡಿಯಲು ಮುಗಿಬಿದ್ದಿದ್ದಾರೆ. ಅಭಿನಂದನ ಗ್ರಂಥದಲ್ಲಿ ಇಂಥದ್ದನ್ನೆಲ್ಲ ಬರೆಯಬಾರದಂತೆ. ನಾನು ಬರೆಯುತ್ತೇನೆ.

ಸೇವೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಮುರಿದ ಕುರ್ಚಿಗಳನ್ನು ತುಂಬಿದ್ದ ಉಗ್ರಾಣ. ಅದರ ಹಿತ್ತಲಲ್ಲಿ, ಬಳಕೆ ತಪ್ಪಿದ ಸ್ನಾನದ ತೊಟ್ಟಿಗಳಲ್ಲಿ ಅಂತರಗಂಗೆ ಕಳೆ ಬೆಳೆಸಿ, ಅದನ್ನೇ ತಿಂದು ಬದುಕುವ ಮೂತಿಹುಳುಗಳನ್ನು ಸಾಕಿ, ಅದೇ ಕಳೆ ಮುಚ್ಚಿದ್ದ ಊರ ಕೆರೆಗೆ ಬಿಟ್ಟರು. ಆರು ವರ್ಷಗಳಲ್ಲಿ ನೀರು ಕಂಡಿತು, ಜೊಂಡು ಚಿಗುರಿತು, ನೈದಿಲೆ ಮರಳಿತು. ಒಂದು ಮೂಲೆಯ ಕಳೆಯನ್ನು ಮಾತ್ರ ಅವರು ಬೇಕೆಂದೇ ಕೀಳದೆ ಬಿಟ್ಟಿದ್ದರು. ಅದು ಹುಳುಗಳ ಮನೆ; ಅದು ಹೋದರೆ ಹುಳುಗಳೂ ಹೋಗುತ್ತವೆ, ಕೆಸರಿನಲ್ಲಿರುವ ಕಳೆಬೀಜ ಮತ್ತೆ ಮೊಳೆತಾಗ ತಡೆಯುವವರು ಇರುವುದಿಲ್ಲ.

ಆಗ ನಾನು ಅವರ ಹೊಸ ಶಿಷ್ಯ; ಇದು ನನಗೆ ಗೊತ್ತಿರಲಿಲ್ಲ. ಮೇಲಧಿಕಾರಿಗಳ ತಪಾಸಣೆಯ ಹಿಂದಿನ ದಿನ, ಮೇಡಂ ಮೆಚ್ಚಿಕೊಳ್ಳಲಿ ಎಂದು ಆ ಮೂಲೆಯ ಕಳೆಯನ್ನೂ ಕಿತ್ತು ದಡದಲ್ಲಿ ರಾಶಿ ಹಾಕಿದೆ. ಬೆಳಿಗ್ಗೆ ಬಂದ ಅವರು ರಾಶಿಯನ್ನೂ ನನ್ನನ್ನೂ ನೋಡಿದರು.

“ಯಾವಾಗ ಕಿತ್ತೆ?”

“ನಿನ್ನೆ ಸಂಜೆ, ಮೇಡಂ.”

“ಹಾಗಾದ್ರೆ ಹುಳ ಇನ್ನೂ ಬದುಕಿರ್ತಾವೆ. ಚಪ್ಪಲಿ ಬಿಚ್ಚು, ನೀರಿಗಿಳಿ.”

ತಪಾಸಣೆಯವರು ಬಂದಾಗ ನಾವಿಬ್ಬರೂ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಳೆಯನ್ನು ಕೆರೆಗೆ ವಾಪಸು ಹಾಕುತ್ತಿದ್ದೆವು! ‘ಕಳೆ ತೆಗೆಯಬೇಕಾದವರೇ ಕಳೆ ನೆಡುತ್ತಿದ್ದಾರೆ’ ಎಂದು ಮೇಡಂ ಅವರಿಗೆ ನೋಟಿಸು ಬಂತು, ಬಡ್ತಿ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಪ್ಪು ಶಿಷ್ಯನದೆಂದು ಅವರು ಉತ್ತರದಲ್ಲಿ ಒಂದು ಸಾಲೂ ಬರೆಯಲಿಲ್ಲ. ನಾಚಿಕೆಗೇಡು, ನಾನೂ ಬರೆಯಲಿಲ್ಲ.

ಈಗ ಅವರ ಕುರ್ಚಿ ನನಗೆ ಬಂದಿದೆ. ಮೊನ್ನೆ ಮೇಲಿನಿಂದ ಒಂದು ಆದೇಶದ ಕರಡು ನನ್ನ ಸಹಿಗೆ ಬಂತು: ಬೀಳ್ಕೊಡುಗೆ ಸಮಾರಂಭ ಕೆರೆಯ ದಡದಲ್ಲೇ ನಡೆಯುವುದರಿಂದ, ಮೇಡಂ ಅವರ ಗೌರವಾರ್ಥ ಆ ‘ಗಲೀಜು ಮೂಲೆ’ಯನ್ನು ಯಂತ್ರದಿಂದ ಸ್ವಚ್ಛಗೊಳಿಸತಕ್ಕದ್ದು. ಗೌರವವಂತೆ! ಒಬ್ಬರ ಜೀವಮಾನದ ಕೆಲಸವನ್ನು ಬುಡಸಮೇತ ಕಿತ್ತು, ಅದೇ ಜಾಗದಲ್ಲಿ ವೇದಿಕೆ ಹಾಕಿ ಅವರನ್ನೇ ಹೊಗಳುವುದಂತೆ. ಇಷ್ಟು ವರ್ಷ ಅವರು ಹೇಳಿದ್ದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವರಿಂದ ಇನ್ನೇನು ಬಂದೀತು?

ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಅಂದು ಬರೆಯಬೇಕಿದ್ದ ಸಾಲನ್ನು ಆ ಕರಡಿನ ಮೇಲೆಯೇ ಬರೆದು ಹಿಂದಿರುಗಿಸಿದ್ದೇನೆ: ಆ ವರ್ಷ ಮೂಲೆಯ ಕಳೆ ಕಿತ್ತವನು ನಾನು, ಮೇಡಂ ಅದನ್ನು ಉಳಿಸಿದವರು.

ಮೇಡಂ ನೂರು ಕಾಲ ಬಾಳಲಿ, ಅವರ ತೊಟ್ಟಿಗಳಲ್ಲಿ ಹುಳುಗಳು ಹೆಚ್ಚಲಿ. ಸಮಾರಂಭಕ್ಕೆ ಬರುವವರು ಆ ಕಳೆಯ ಪಕ್ಕದಲ್ಲೇ ಕೂರಬೇಕಾಗುತ್ತದೆ. ಆಗದವರು ಬರುವುದು ಬೇಡ.